ನಾಗಾವಿಯ ಘಟಿಕಾಸ್ಥಾನವೂ ಸಹಾಧ್ಯಾಯಿಗಳ ಶಾಸ್ತ್ರವ್ಯಾಸಂಗವೂ

೧

ಪ್ರಾಚೀನ ಕರ್ಣಾಟಕದ ವಿದ್ಯಾಸ್ಥಾನಗಳನ್ನು ಕುರಿತು ಬರೆದ ವಿದ್ವಾಂಸರು ಬಹುಮಟ್ಟಿಗೆ ಎರಡು ಪ್ರಶ್ನೆಗಳನ್ನು ಎತ್ತಿಕೊಂಡಿರುವರು: ದಾನಮಾಡಿದವರಾರು? ಪಾಠ ಹೇಳಿದವರಾರು? ಶಾಸನಗಳು ಸ್ವಭಾವತಃ ದಾನಪತ್ರಗಳಾದುದರಿಂದ ಅವುಗಳಲ್ಲಿ ದಾನಿಯ ವಂಶವೂ ಉಪಾಧ್ಯಾಯರ ವೃತ್ತಿಯೂ ವಿಸ್ತಾರವಾಗಿ ಬರುವುವು. ವಿದ್ಯಾರ್ಥಿಗಳಾದರೋ ಕೇವಲ ಸಂಖ್ಯೆಯಾಗಿ ಉಳಿಯುವರು. ಆದಕಾರಣ ಕಲಿಯಲು ಬಂದವರು ಅಲ್ಲಿ ಏನು ಮಾಡುತ್ತಿದ್ದರು, ಗುರುಮುಖದಿಂದ ಕೇಳಿದುದನ್ನು ಒಪ್ಪಿಸುವವರಷ್ಟೇ ಆಗಿದ್ದರೋ ಅಥವಾ ತಾವೂ ಶೋಧನೆಯಲ್ಲಿ ತೊಡಗಿ ಒಬ್ಬರಿಗೊಬ್ಬರು ದಾರಿ ತೋರುತ್ತಿದ್ದರೋ ಎಂಬ ಮೂರನೆಯ ಪ್ರಶ್ನೆಯು ಹಿಂದೆ ಬಿದ್ದಿದೆ. ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ ದೊರೆಯುವ ಆಧಾರಗಳನ್ನು ಹಿಡಿದು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿಂಚೋಳಿ ತಾಲೂಕಿನ ಸುಲೇಪೇಟೆಯಿಂದ ಮೊದಲ್ಗೊಂಡು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳವರೆಗೆ ಹಬ್ಬಿರುವ ಈ ಭಾಗವು ಕಾಗಿಣಾ ನದಿಯ ಸೀಮೆ. ಇಂದು ಹೊರಗಿನವರಿಗೆ ಇದು ತೊಗರಿಯ ಹೊಲಗಳಿಂದಲೂ, ಶಹಾಬಾದದ ಹಾಸುಗಲ್ಲಿನಿಂದಲೂ, ವಾಡಿ ಸೇಡಂಗಳ ಸಿಮೆಂಟಿನ ಕಾರಖಾನೆಗಳಿಂದಲೂ ಪರಿಚಿತವಾಗಿದೆ. ಆದರೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು, ಎಂದರೆ ಮಳಖೇಡವು, ಸೇಡಂ ತಾಲೂಕಿನಲ್ಲಿ ಈ ನದಿಯ ದಡದ ಮೇಲೆಯೇ ಇದೆ. ಚಾಳುಕ್ಯರ ಕಾಲದ ದೊಡ್ಡ ವಿದ್ಯಾಕೇಂದ್ರವಾದ ನಾಗಾವಿಯು ಚಿತ್ತಾಪುರದ ಮಗ್ಗುಲಲ್ಲಿದೆ. ನಮ್ಮ ವಿಚಾರಕ್ಕೆ ಬೇಕಾದ ಮುಖ್ಯ ಸಾಕ್ಷ್ಯಗಳಲ್ಲಿ ಒಂದು ನಾಗಾವಿಯಲ್ಲಿಯೇ ಇದೆ. ಇನ್ನೊಂದು ಮಾನ್ಯಖೇಟದಿಂದ ಆಳಿದ ಅರಸರ ಕಾಲದ ಗ್ರಂಥಗಳಲ್ಲಿದೆ.

೨

ನಾಗಾವಿಯ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿ, ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಗ್ರಂಥಮಾಲೆಯ ಎಂಟನೆಯ ಪುಸ್ತಕವಾಗಿ ೧೯೨೮ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕ್ರಿ. ಶ. ೧೦೫೮ರ, ಎಂದರೆ ಶಕವರ್ಷ ೯೮೦ರ, ಶಾಸನವು ಅತಿಮುಖ್ಯವಾದುದು. ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು ಆಳುತ್ತಿದ್ದಾಗ ಅವನ ಸೇನಾನಿಯಾದ ಮಧುಸೂದನನು ಇಲ್ಲಿ ದೇವಾಲಯವನ್ನೂ ಘಟಿಕಾಸ್ಥಾನವನ್ನೂ ಏರ್ಪಡಿಸಿ, ಅದರ ನಿರ್ವಾಹಕ್ಕೆ ಭೂಮಿಯನ್ನು ಬಿಟ್ಟನು. ವೇದಾಧ್ಯಯನ ಮಾಡುವವರು ೨೦೦ ಮಂದಿ, ಶಾಸ್ತ್ರಾಧ್ಯಯನ ಮಾಡುವವರು ೫೨ ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇವರಲ್ಲದೆ ಸರಸ್ವತೀಭಂಡಾರವನ್ನು, ಎಂದರೆ ಪುಸ್ತಕಭಂಡಾರವನ್ನು, ನೋಡಿಕೊಳ್ಳುವವರು ಆರು ಮಂದಿ.

ಈ ಸಂಖ್ಯೆಗಳನ್ನು ಲೆಕ್ಕಹಾಕಿ ನೋಡಿದಾಗ ಹೊಳೆಯುವ ಸಂಗತಿಗಳು ಎರಡು. ವೇದದ ಒಬ್ಬೊಬ್ಬ ಉಪಾಧ್ಯಾಯನ ಪಾಲಿಗೆ ಹೆಚ್ಚುಕಡಿಮೆ ೬೭ ಶಿಷ್ಯರು ಬೀಳುವರು. ಸ್ವರ ತಪ್ಪದಂತೆ ಬಾಯಿಂದ ಬಾಯಿಗೆ ಹೇಳಿ ತಿದ್ದಬೇಕಾದ ವಿದ್ಯೆಯನ್ನು ಒಬ್ಬನು ಇಷ್ಟು ಜನಕ್ಕೆ ದಿನವೂ ಬೇರೆ ಬೇರೆಯಾಗಿ ಹೇಳಿಕೊಡುವುದು ಸಾಧ್ಯವಿಲ್ಲ. ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಸಂತೆ ಹೇಳಿರಬೇಕೆಂದು ಇದರಿಂದ ಊಹಿಸಬಹುದು. ಶಾಸನವು ಈ ಮಾತನ್ನು ಹೇಳುವುದಿಲ್ಲವೆಂಬುದು ನಿಜ. ಆದರೆ ಸಹಾಧ್ಯಾಯಿಗಳು ಪರಸ್ಪರ ಹೇಳಿಕೊಳ್ಳುವ ಪದ್ಧತಿಯು ವೇದಪಾಠಶಾಲೆಗಳಲ್ಲಿ ಇಂದಿಗೂ ಉಂಟು. ವಿದ್ಯೆಯಲ್ಲಿ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಬುದ್ಧಿಯಿಂದ, ಕಾಲುಭಾಗ ಜತೆಯವರಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ ಬರುವುದೆಂಬ ಹಿರಿಯರ ಮಾತು ಇಂತಹ ಶಾಲೆಗಳ ಅನುಭವದಿಂದಲೇ ಹುಟ್ಟಿದುದಾಗಿರಬೇಕು.

ಎರಡನೆಯ ಸಂಗತಿಯು ಇದಕ್ಕಿಂತಲೂ ಗಮನಾರ್ಹವಾದುದು. ಇಲ್ಲಿ ಉಪಾಧ್ಯಾಯರೂ ಆರು ಮಂದಿ, ಪುಸ್ತಕಪಾಲಕರೂ ಆರು ಮಂದಿ. ಪಾಠ ಹೇಳುವವರಷ್ಟೇ ಸಂಖ್ಯೆಯಲ್ಲಿ ಪುಸ್ತಕ ಕಾಯುವವರನ್ನು ನಿಯಮಿಸಿದ ಶಾಲೆಯು ಕೇವಲ ಬಾಯಿಪಾಠದ ಶಾಲೆಯಾಗಿರಲಾರದು. ಓಲೆಯ ಗ್ರಂಥಗಳನ್ನು ಬಿಚ್ಚಿ ನೋಡುವವರು, ಪಾಠಗಳನ್ನು ಹೋಲಿಸುವವರು, ಪ್ರತಿಮಾಡಿಕೊಳ್ಳುವವರು ಇದ್ದುದರಿಂದಲೇ ಆರು ಮಂದಿಗೆ ಕೆಲಸವಿದ್ದಿತು. ಗುರುವಿಲ್ಲದ ಹೊತ್ತಿನಲ್ಲಿಯೂ ವಿದ್ಯಾರ್ಥಿಯು ತಾನಾಗಿ ಗ್ರಂಥವನ್ನು ಕೇಳಬಲ್ಲವನಾಗಿದ್ದನು.

ಶಾಸ್ತ್ರದ ಮೂವರು ಉಪಾಧ್ಯಾಯರ ವಿಷಯಗಳನ್ನೂ ವಿಚಾರಿಸಬೇಕು. ಒಬ್ಬನು ಭಟ್ಟದರ್ಶನಕ್ಕೆ, ಒಬ್ಬನು ಪ್ರಾಭಾಕರಕ್ಕೆ, ಒಬ್ಬನು ನ್ಯಾಸಕ್ಕೆ. ಭಾಟ್ಟ ಪ್ರಾಭಾಕರಗಳೆರಡೂ ಪೂರ್ವಮೀಮಾಂಸೆಯ ಪರಸ್ಪರ ವಿರುದ್ಧವಾದ ಪ್ರಸ್ಥಾನಗಳು. ಪ್ರಭಾಕರನು ಕುಮಾರಿಲಭಟ್ಟನ ಶಿಷ್ಯನೆಂದೂ, ಗುರುವಿನ ಮತವನ್ನು ಒಪ್ಪದೆ ಬೇರೆ ದಾರಿ ಹಿಡಿದನೆಂದೂ ಐತಿಹ್ಯವಿದೆ. ಆಧುನಿಕ ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಐತಿಹ್ಯವು ಸತ್ಯವಿರಲಿ, ಇಲ್ಲದಿರಲಿ, ಗುರುವನ್ನು ಮೀರಿ ಯೋಚಿಸಿದ ಶಿಷ್ಯನ ಮತವೆಂದು ಜನರು ತಿಳಿದಿದ್ದ ಶಾಸ್ತ್ರಕ್ಕೆ ನಾಗಾವಿಯಲ್ಲಿ ಆ ಗುರುವಿನ ಶಾಸ್ತ್ರದ ಪಕ್ಕದಲ್ಲಿಯೇ ಪೀಠವಿದ್ದಿತು. ನ್ಯಾಸವೆಂಬುದನ್ನು ಕಾಶಿಕಾವೃತ್ತಿಗೆ ಜಿನೇಂದ್ರಬುದ್ಧಿಯು ಬರೆದ ವ್ಯಾಖ್ಯಾನವೆಂದು ತಿಳಿಯುವುದಾದರೆ, ಅದು ಬೌದ್ಧನೊಬ್ಬನ ಕೃತಿ. ವೈದಿಕರ ಶಾಲೆಯಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಹೀಗೆ ೫೨ ಮಂದಿ ಶಾಸ್ತ್ರವಿದ್ಯಾರ್ಥಿಗಳು ಮೂರು ಕಡೆಗಳಲ್ಲಿ ಕಲಿತು ಒಂದೇ ಸ್ಥಾನದಲ್ಲಿ ವಾಸವಾಗಿದ್ದರು. ವೈಯಾಕರಣನ ಸಹಾಯವಿಲ್ಲದೆ ಮೀಮಾಂಸಕನಿಗೆ ವಾಕ್ಯಾರ್ಥವು ಸಾಗದು. ಪ್ರತಿಪಕ್ಷವನ್ನು ಕೇಳದೆ ಸ್ವಪಕ್ಷವು ನಿಲ್ಲದು. ಒಂದು ಶಾಸ್ತ್ರದವನು ಇನ್ನೊಂದು ಶಾಸ್ತ್ರದವನಿಗೆ ನೆರವಾಗುವ ಸಂದರ್ಭವು ಶಾಲೆಯ ರಚನೆಯಲ್ಲಿಯೇ ಅಡಗಿದ್ದಿತು.

ಇದು ನಾಗಾವಿಯೊಂದರ ವಿಶೇಷವಲ್ಲ. ಮಯೂರಶರ್ಮನು ಕಂಚಿಯ ಘಟಿಕೆಗೆ ಹೋದಾಗ ತನ್ನ ಗುರುವಾದ ವೀರಶರ್ಮನೊಡನೆಯೇ ಹೋದನೆಂದು ತಾಳಗುಂದದ ಸ್ತಂಭಶಾಸನವು ಹೇಳುತ್ತದೆ. ಘಟಿಕೆಯು ಮೊದಲಕ್ಷರದ ಶಾಲೆಯಲ್ಲ, ಗುರುಶಿಷ್ಯರಿಬ್ಬರೂ ಹೋಗತಕ್ಕ ಉನ್ನತವ್ಯಾಸಂಗದ ಸ್ಥಾನವೆಂಬುದು ಇದರಿಂದ ವ್ಯಕ್ತವಾಗುವುದು. ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಸಾಲೋಟಗಿಯಲ್ಲಿ ಕಟ್ಟಿಸಿದ ಶಾಲೆಯನ್ನು ಕುರಿತ ೯೪೫ರ ಶಾಸನದಲ್ಲಿ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ಪ್ರಸ್ತಾಪವಿದೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಅಲ್ಲಿ ವ್ಯಾಖ್ಯಾನವಾಗುತ್ತಿದ್ದ ವ್ಯಾಕರಣಗಳಲ್ಲಿ ಪಾಣಿನೀಯದೊಡನೆ ಶಾಕಟಾಯನವನ್ನೂ, ದರ್ಶನಗಳಲ್ಲಿ ಬೌದ್ಧವನ್ನೂ ಸೇರಿಸುತ್ತದೆ. ಕಾಳಾಮುಖ ಶೈವರ ಮಠದಲ್ಲಿ ಓದುತ್ತಿದ್ದ ಈ ಶಾಕಟಾಯನವು ಅಮೋಘವರ್ಷನ ಕಾಲದ ಜೈನಕೃತಿಯೇ ಆಗಿದ್ದರೆ, ಮಾನ್ಯಖೇಟದ ಅರಸನ ಆಶ್ರಯದ ಶಾಸ್ತ್ರವು ಮತದ ಎಲ್ಲೆಯನ್ನು ದಾಟಿ ಬನವಾಸಿ ನಾಡನ್ನು ಮುಟ್ಟಿದಂತಾಯಿತು.

೩

ಅಮೋಘವರ್ಷ ನೃಪತುಂಗನ ಆಳಿಕೆ ೮೧೪ರಿಂದ ೮೭೮ರವರೆಗೆ. ಶಾಸನಗಳಲ್ಲಿ ಸಂಖ್ಯೆಯಾಗಿ ಮಾತ್ರ ಕಾಣುವ ಶಿಷ್ಯನು ಈ ಕಾಲದ ಗ್ರಂಥಗಳ ಪ್ರಶಸ್ತಿಗಳಲ್ಲಿ ಹೆಸರುಳ್ಳ ವ್ಯಕ್ತಿಯಾಗಿ ಕಾಣಿಸುವನು. ವೀರಸೇನಾಚಾರ್ಯನು ಜಯಧವಲಾ ಟೀಕೆಯನ್ನು ಆರಂಭಿಸಿ, ಇಪ್ಪತ್ತು ಸಾವಿರ ಗ್ರಂಥಪ್ರಮಾಣವನ್ನು ಬರೆದು ತೀರಿಕೊಂಡನು. ಅವನ ಶಿಷ್ಯನಾದ ಜಿನಸೇನನು ಅದಕ್ಕೆ ನಲವತ್ತು ಸಾವಿರವನ್ನು ಕೂಡಿಸಿ ಶಕವರ್ಷ ೭೫೯ರಲ್ಲಿ, ಎಂದರೆ ಕ್ರಿ. ಶ. ೮೩೭ರಲ್ಲಿ, ಮುಗಿಸಿದನು. ಕಿವಿ ಚುಚ್ಚುವ ಮೊದಲೇ, ಎಂದರೆ ಎಳೆತನದಲ್ಲಿಯೇ, ಅವನು ಗುರುಕುಲವನ್ನು ಸೇರಿದನೆಂದು ಪ್ರಶಸ್ತಿಯಿಂದ ತಿಳಿಯುವುದು. ಹುಡುಗನಾಗಿ ಬಂದವನು ಗುರುವಿನ ಕೆಲಸದ ಎರಡು ಪಾಲನ್ನು ಪೂರೈಸಿದನೆಂಬುದು ಶಿಷ್ಯತ್ವದ ಅರ್ಥವನ್ನೇ ಬೆಳಗುವ ಸಂಗತಿ.

ಇದೇ ಪರಂಪರೆ ಮುಂದೆಯೂ ನಡೆಯಿತು. ಜಿನಸೇನನು ಆದಿಪುರಾಣದ ನಲವತ್ತೆರಡು ಪರ್ವಗಳನ್ನು ಮುಗಿಸಿ ನಲವತ್ತಮೂರನೆಯದನ್ನು ತೊಡಗಿದಾಗ ಕಾಲವಶನಾದನು. ಶಿಷ್ಯನಾದ ಗುಣಭದ್ರನು ಆದಿಪುರಾಣವನ್ನು ಪೂರ್ತಿಗೊಳಿಸಿ ಉತ್ತರಪುರಾಣವನ್ನು ರಚಿಸಿದನು. ಗುಣಭದ್ರನ ಶಿಷ್ಯನಾದ ಲೋಕಸೇನನ ಕಾಲದಲ್ಲಿ, ಶಕವರ್ಷ ೮೨೦ರಲ್ಲಿ (ಕ್ರಿ. ಶ. ೮೯೮), ಬಂಕಾಪುರದಲ್ಲಿ ಆ ಮಹಾಗ್ರಂಥಕ್ಕೆ ಪೂಜೆ ಸಂದಿತು.

ಗುರುಶಿಷ್ಯರ ಈ ಸಂಬಂಧವನ್ನು ಅನೇಕರು ಕೊಂಡಾಡಿರುವರು. ಆದರೆ ಸಹಪಾಠಿಗಳ ಸಂಬಂಧವನ್ನು ಗಮನಿಸಿದವರು ವಿರಳ. ಕಾಳಿದಾಸನ ಮೇಘದೂತವನ್ನು ಪಂಕ್ತಿಪಂಕ್ತಿಯಾಗಿ ಒಳಗೊಂಡು ಜಿನಸೇನನು ರಚಿಸಿದ ಪಾರ್ಶ್ವಾಭ್ಯುದಯ ಕಾವ್ಯವು ಗುರುವಿನ ಅಪ್ಪಣೆಯಿಂದಾಗಲಿ ಅರಸನ ಅಪ್ಪಣೆಯಿಂದಾಗಲಿ ಹುಟ್ಟಿದುದಲ್ಲ. ವೀರಸೇನನಲ್ಲಿ ಜತೆಗೆ ಓದಿದ ವಿನಯಸೇನನ ಪ್ರೇರಣೆಯಿಂದ ಇದನ್ನು ಬರೆದುದಾಗಿ ಕವಿಯೇ ಹೇಳಿಕೊಂಡಿರುವನು. ಗುಣಭದ್ರನು ತನ್ನ ಗುರುವಾದ ಜಿನಸೇನನನ್ನು ಸ್ಮರಿಸುವಾಗ ಅವನ ಸಧರ್ಮನಾದ ದಶರಥನನ್ನೂ ಸ್ಮರಿಸುವನು. ಸಧರ್ಮನೆಂದರೆ ಒಂದೇ ಗುರುವಿನಡಿ ಒಂದೇ ವ್ರತದಲ್ಲಿ ಕಲಿತವನು. ಗುರುವಿನ ಋಣದಂತೆಯೇ ಸಧರ್ಮನ ಋಣವನ್ನೂ ಪ್ರಶಸ್ತಿಯಲ್ಲಿ ಬರೆದಿಡತಕ್ಕದ್ದೆಂಬ ಮರ್ಯಾದೆಯು ಆ ಕಾಲದಲ್ಲಿದ್ದಿತು.

ಶಾಸ್ತ್ರಶಾಸ್ತ್ರಗಳ ನಡುವಣ ಗೋಡೆಯನ್ನು ಆ ಕಾಲದವರು ಹೇಗೆ ಕಂಡರೆಂಬುದಕ್ಕೆ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಸಾಕ್ಷಿ. ಅಮೋಘವರ್ಷನನ್ನು ಹೊಗಳಿ ಆರಂಭವಾಗುವ ಈ ಗ್ರಂಥದ ಮೊದಲಲ್ಲಿಯೇ ಕರ್ತೃವು ಗಣಿತವು ಲೌಕಿಕ, ವೈದಿಕ, ಸಾಮಯಿಕ ವ್ಯಾಪಾರಗಳೆಲ್ಲದಕ್ಕೂ ಬೇಕೆಂದು ಹೇಳಿ, ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣಗಳನ್ನು ಸಾಲಾಗಿ ಹೆಸರಿಸುವನು. ಅಡಿಗೆಯನ್ನೂ ಅಲಂಕಾರವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಗಣಿತಜ್ಞನು ತನ್ನ ವಿದ್ಯೆಯನ್ನು ಬೇಲಿಹಾಕಿ ಕಾಯ್ದವನಲ್ಲ.

೪

ಇಷ್ಟನ್ನು ಹೇಳಿ ಗತಕಾಲವನ್ನು ಸ್ತುತಿಸಿ ಸುಮ್ಮನಾಗುವುದು ಚರಿತ್ರೆಯಾಗಲಾರದು. ನಾಗಾವಿಯ ೨೫೨ ಮಂದಿಯಲ್ಲಿ ಒಕ್ಕಲಿನ ಮಗನಿಗಾಗಲಿ, ಕಲ್ಲೊಡೆಯುವವನ ಮಗನಿಗಾಗಲಿ, ಹೆಣ್ಣುಮಕ್ಕಳಿಗಾಗಲಿ ಎಡೆಯಿರಲಿಲ್ಲ. ವೇದಾಧ್ಯಯನದ ಅಧಿಕಾರವು ಎಷ್ಟು ಸಂಕುಚಿತವಾಗಿದ್ದಿತೋ ಘಟಿಕಾಸ್ಥಾನದ ಬಾಗಿಲೂ ಅಷ್ಟೇ ಕಿರಿದಾಗಿದ್ದಿತು. ಒಂದು ಶತಮಾನದ ತರುವಾಯ ಕಲ್ಯಾಣದಲ್ಲಿ ಶರಣರು ನಾನಾ ಕಾಯಕಗಳ ಸ್ತ್ರೀಪುರುಷರನ್ನು ಒಂದೇ ಗೋಷ್ಠಿಯಲ್ಲಿ ಕೂಡಿಸಿದುದರ ಹಿರಿಮೆಯು ಇದರ ಎದುರಿನಲ್ಲಿಯೇ ಸ್ಪಷ್ಟವಾಗಿ ತೋರುತ್ತದೆ.

ಸಹಾಧ್ಯಾಯಿಗಳ ಬೋಧನೆಯು ಊರಿನ ಕೂಲಿಮಠಗಳಲ್ಲಿ ಬಹುಕಾಲ ಉಳಿದುಕೊಂಡಿತು. ಮದರಾಸಿನ ಗವರ್ನರನಾದ ಥಾಮಸ್ ಮನ್ರೋವಿನ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು ೧೮೨೩ರಲ್ಲಿ ಕಳುಹಿದ ವರದಿಯಂತೆ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಓದುತ್ತಿದ್ದವರು ೬,೬೪೧ ಮಂದಿ. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನು ಅವನು ಬಹಳವಾಗಿ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯುಕ್ತವೇ ಎಂದನು. ಮದರಾಸಿನ ಅನಾಥಬಾಲಕರ ಶಾಲೆಯಲ್ಲಿ ಈ ಕ್ರಮವನ್ನು ಪ್ರಯೋಗಿಸಿ ೧೭೯೭ರಲ್ಲಿ ಲಂಡನಿನಲ್ಲಿ ಪುಸ್ತಕ ಪ್ರಕಟಿಸಿದ ಆಂಡ್ರೂ ಬೆಲ್ಲನ ಮೂಲಕ ಇದು ಮದರಾಸು ಪದ್ಧತಿಯೆಂಬ ಹೆಸರಿನಿಂದ ಅಲ್ಲಿ ಹರಡಿದ್ದಿತು.

ಆದರೆ ಅದೇ ಕ್ಯಾಂಬೆಲ್ಲನು ಒಂದು ಕೊರತೆಯನ್ನೂ ಮರೆಮಾಚದೆ ಬರೆದನು: ಹುಡುಗರು ಅರ್ಥವರಿಯದೆ ಹಳೆಯ ಪದ್ಯಗಳನ್ನು ಉರುಹಾಕುವರು, ಅನೇಕ ಕಡೆ ಐಗಳಿಗೂ ಅರ್ಥ ತಿಳಿಯದು. ಹೇಳಿಕೊಡುವಿಕೆ ಉಳಿದಿತ್ತು, ಶೋಧನೆ ಹೋಗಿತ್ತು. ನಾಗಾವಿಯ ವ್ಯವಸ್ಥೆಯಲ್ಲಿ ಜತೆಯವನ ನೆರವಿನೊಡನೆ ಸರಸ್ವತೀಭಂಡಾರವೂ ಪ್ರತಿಪಕ್ಷದ ಗುರುವೂ ಇದ್ದುದರ ಮಹತ್ತ್ವವನ್ನು ನಾವು ಇಲ್ಲಿ ಅರಿಯಬೇಕು. ಪುಸ್ತಕವೂ ಪ್ರಶ್ನೆಯೂ ಇಲ್ಲದೆಡೆಯಲ್ಲಿ ಸಹಾಧ್ಯಾಯಿಯು ತಪ್ಪನ್ನೇ ದಾಟಿಸುವನು.

೫

ಈ ವಿಚಾರವು ಇಂದಿನ ಶಿಕ್ಷಣಕ್ಕೂ ಸಂಬಂಧಪಟ್ಟುದಾಗಿದೆ. ಆಧುನಿಕ ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನೆಯು ಸ್ನಾತಕೋತ್ತರ ಪದವಿಯ ಮೇಲಿನ ಕೆಲಸವೆಂದೂ, ಪದವಿಯ ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳತಕ್ಕವರೆಂದೂ ಬಹುಕಾಲ ಎಣಿಕೆಯಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೨೦೧೧ರಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿ, ಮಾನವಿಕ ವಿಷಯಗಳನ್ನೂ ಸೇರಿಸಿ, ಕೊನೆಯ ವರ್ಷವನ್ನು ಸಂಶೋಧನೆಗೆ ಮೀಸಲಿಟ್ಟಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯಿರುವ ಪದವಿಯನ್ನು ಸೂಚಿಸಿತು. ಕರ್ಣಾಟಕವು ಅದನ್ನು ೨೦೨೧–೨೨ರಲ್ಲಿ ಜಾರಿಗೆ ತಂದು, ೨೦೨೪ರಲ್ಲಿ ಕೈಬಿಟ್ಟು, ಮತ್ತೆ ಮೂರು ವರ್ಷದ ಪದವಿಯನ್ನು ಗೊತ್ತುಮಾಡಿತು. ಬಡ ವಿದ್ಯಾರ್ಥಿಗೆ ಇನ್ನೊಂದು ವರ್ಷದ ವೆಚ್ಚವು ಭಾರವೆಂಬ ವಾದವು ಕಾಗಿಣಾ ಸೀಮೆಯನ್ನು ಬಲ್ಲವರಿಗೆ ಅಲ್ಲಗಳೆಯತಕ್ಕದ್ದಲ್ಲ. ಆದರೆ ವರ್ಷದೊಡನೆ ಶೋಧನೆಯೂ ಹೋಗಬೇಕಾಗಿಲ್ಲ. ನಾಗಾವಿಯ ಸಾಕ್ಷ್ಯದಿಂದ ತಿಳಿಯುವುದಾದರೂ ಇದೇ: ಶೋಧನೆಗೆ ಬೇಕಾದುದು ಕಾಲಾವಧಿಗಿಂತ ಹೆಚ್ಚಾಗಿ ಪುಸ್ತಕಭಂಡಾರ, ಭಿನ್ನಾಭಿಪ್ರಾಯಕ್ಕೆ ಎಡೆ, ಬೇರೆ ಶಾಸ್ತ್ರವನ್ನು ಬಲ್ಲ ಜತೆಗಾರ.

೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವೂ, ೨೦೦೯ರಲ್ಲಿ ಕರ್ಣಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಈ ಜಿಲ್ಲೆಯಲ್ಲಿ ಸ್ಥಾಪಿತವಾದುವು. ತಾಲೂಕಿನ ಕಾಲೇಜುಗಳಲ್ಲಿ ಓದುವ ತರುಣ ತರುಣಿಯರ ಮನೆಯ ಸುತ್ತಲೇ ಕೆಲಸವು ಕಾದಿದೆ. ನಾಗಾವಿಯ ಅರವತ್ತು ಕಂಬದ ಗುಡಿ, ಮಳಖೇಡದ ಕೋಟೆ, ಸೇಡಂ ಪಟ್ಟಣದ ಪಂಚಲಿಂಗೇಶ್ವರ ದೇವಾಲಯ, ಕಾಳಗಿಯ ದೇಗುಲಗಳು, ಇವುಗಳ ನಡುವೆ ಅವರು ದಿನವೂ ಓಡಾಡುವರು. ಒಂದು ಶಾಸನದ ಮುಂದೆ ಕನ್ನಡದ ವಿದ್ಯಾರ್ಥಿಯು ಲಿಪಿಯನ್ನು ಓದಲಿ, ಇತಿಹಾಸದವಳು ಅರಸನನ್ನು ಗುರುತಿಸಲಿ, ಭೂವಿಜ್ಞಾನದವನು ಕಲ್ಲಿನ ಜಾತಿಯನ್ನು ಹೇಳಲಿ, ಅರ್ಥಶಾಸ್ತ್ರದವಳು ಮತ್ತರು ಗದ್ಯಾಣಗಳ ಲೆಕ್ಕವನ್ನು ಬಿಡಿಸಲಿ. ಮರುವರ್ಷ ಇವರೇ ಹೊಸಬರಿಗೆ ಹಳಗನ್ನಡದ ಅಕ್ಷರಗಳನ್ನು ಕಲಿಸಲಿ. ತೆಲುಗು, ಉರ್ದು, ಮರಾಠಿ, ಲಂಬಾಣಿ ಮಾತಾಡುವ ಮನೆಗಳಿಂದ ಬಂದವರೂ ಅಲ್ಲಿರುವುದರಿಂದ, ಹೊಲದ, ಗಣಿಯ, ಸಂತೆಯ ಶಬ್ದಗಳನ್ನು ಕೂಡಿಸುವ ಕೆಲಸವು ಬೇರೆಡೆಗಿಂತ ಇಲ್ಲಿ ಸುಲಭಸಾಧ್ಯ.

ಉಪಾಧ್ಯಾಯನಿಗೆ ಇದರಿಂದ ಕೆಲಸ ಕಡಿಮೆಯಾಗುವುದೆಂದು ತಿಳಿಯಬಾರದು. ವಿದ್ಯಾರ್ಥಿಯ ಓದಿನಲ್ಲಿ ತಪ್ಪಿರುವುದು ಸಹಜ. ತಿದ್ದುವವನು ಮೂಲವನ್ನು ಬಲ್ಲವನಾಗಿರಬೇಕು. ಕಾಲೇಜಿನ ಗ್ರಂಥಾಲಯದಲ್ಲಿ ಶಾಸನಸಂಪುಟಗಳು ಇರಬೇಕು. ಅವುಗಳನ್ನು ತೆಗೆದುಕೊಡಬಲ್ಲ ಗ್ರಂಥಪಾಲಕನೂ ಇರಬೇಕು. ೨೫೨ ಮಂದಿಗೆ ಆರು ಮಂದಿ ಸರಸ್ವತೀಭಂಡಾರಿಗರನ್ನು ನಿಯಮಿಸಿದ ನಾಡಿನಲ್ಲಿ ಇದು ದೊಡ್ಡ ಬೇಡಿಕೆಯಲ್ಲ. ಘಟಿಕಾಸ್ಥಾನದ ಕಿರಿದಾದ ಬಾಗಿಲು ಈಗ ಅಗಲವಾಗಿ ತೆರೆದಿದೆ. ಒಳಗೆ ಬಂದವರಿಗೆ ಪುಸ್ತಕವನ್ನೂ ಪ್ರಶ್ನೆಯನ್ನೂ ಒದಗಿಸುವ ಭಾರವು ವಿದ್ಯಾಸಂಸ್ಥೆಗಳ ಮೇಲಿದೆ.