ಎರಡನೆಯ ಭಾಗ ಬೇಕೆಂದವರು

2000ನೆಯ ಇಸವಿಯ ಬೇಸಿಗೆ ರಜೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ತಮ್ಮ ಸಾಗರದ ನಮ್ಮ ಮನೆಗೆ ಬಂದಿದ್ದ. ಬರುವಾಗ ಯಾರಿಂದಲೋ ತುಂಬಿಸಿಕೊಂಡ ಒಂದು ಕ್ಯಾಸೆಟ್ಟು ತಂದಿದ್ದ. ಬೆಳಿಗ್ಗೆ ಎದ್ದರೆ ಅದು, ಮಧ್ಯಾಹ್ನ ಊಟವಾದ ಮೇಲೆ ಅದು. ಎರಡು ದಿನ ಸಹಿಸಿಕೊಂಡ ಅಮ್ಮ ಮೂರನೆಯ ದಿನ ಅಡುಗೆಮನೆಯಿಂದಲೇ ಕೂಗಿದರು: "ಇದೇನೋ ಇದು, ಅಕ್ಕಿ ಗಿರಣಿಯೊಳಗೆ ಯಾರೋ ಕೂತು ಅಳ್ತಾ ಇದ್ದ ಹಾಗಿದೆಯಲ್ಲೋ!"

ನಾನು ಆಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಹುಡುಗರು ಕೆಡುವುದು ಇಂಥದರಿಂದಲೇ ಎಂಬ ನಂಬಿಕೆ ನನಗೂ ಇತ್ತು. ಗದರಿಸಲೆಂದೇ ಅವನ ಕೋಣೆಗೆ ಹೋದೆ. ಅವನು ಶಾಂತವಾಗಿ, "ಅಕ್ಕ, ಇದು ಬಿಡಿ ಹಾಡಲ್ಲ, ಒಂದು ಕಥೆ. ಮೊದಲಿನಿಂದ ಕೂತು ಕೇಳಬೇಕು" ಎಂದ. "ಏನು ಕಥೆ?" ಎಂದೆ. "ಪುನರ್ಜನ್ಮದ ಕಥೆ" ಎಂದ. ಅಷ್ಟು ಕೇಳಿದ್ದೇ ತಡ, ಅಮ್ಮ ಬೀನ್ಸ್ ತುಂಬಿದ ಮೊರ ಹಿಡಿದುಕೊಂಡು ಬಂದು ಬಾಗಿಲಲ್ಲಿ ಕುಳಿತರು. 'ಮಧುಮತಿ' ಸಿನಿಮಾ ನೋಡಿ ಅತ್ತಿದ್ದ ಕಾಲದವರು ಅವರು.

ಆ ಕಥೆ ಹೀಗಿದೆ. ನಿಕೊಲಸ್ ಎಂಬವನಿಗೆ ಮತ್ತೆ ಮತ್ತೆ ಒಂದೇ ಕನಸು ಬೀಳುತ್ತದೆ. ಸಮ್ಮೋಹನ ಚಿಕಿತ್ಸೆ ಮಾಡುವವನೊಬ್ಬನ ಬಳಿ ಹೋಗುತ್ತಾನೆ. ಆ ನಿದ್ದೆಯಲ್ಲಿ ಅವನಿಗೆ ವಿಕ್ಟೋರಿಯಾ ಎಂಬ ಹುಡುಗಿ ಕಾಣುತ್ತಾಳೆ. 1928ರಲ್ಲಿ ಅವಳ ಕೊಲೆಯಾಗಿರುತ್ತದೆ. ಹಿಂದಿನ ಜನ್ಮದಲ್ಲಿ ತಾನೇ ಅವಳಾಗಿದ್ದೆ ಎಂದು ನಿಕೊಲಸನಿಗೆ ತಿಳಿಯುತ್ತದೆ. ಅವಳನ್ನು ಪ್ರೀತಿಸಿದವರು ಅಣ್ಣತಮ್ಮಂದಿರು ಇಬ್ಬರು. ಒಬ್ಬ ಅವಳನ್ನು ಕೊಂದು ತಾನೂ ಸತ್ತ ಎಂದು ಊರು ನಂಬಿದೆ. ನಿಜವಾಗಿ ಇಬ್ಬರನ್ನೂ ಕೊಂದವನು ಇನ್ನೊಬ್ಬ. "ಹಾಗಾದ್ರೆ ಆ ಪಾಪಿ ಈ ಜನ್ಮದಲ್ಲಿ ಎಲ್ಲಿದ್ದಾನೆ?" ಎಂದು ಅಮ್ಮ ಕೇಳಿದರು. ತಮ್ಮ ಹಿಗ್ಗಿಹೋದ. ಕಥೆಯ ಕೊನೆಯ ಪ್ರಶ್ನೆಯೂ ಅದೇ. ಚಿಕಿತ್ಸೆ ಮಾಡಿದವನೇ ಅವನು, ಮನೆಯವರೆಗೂ ಬೆನ್ನುಹತ್ತಿ ಬಂದು ಮತ್ತೆ ಕೊಲ್ಲುತ್ತಾನೆ ಎಂಬ ಸೂಚನೆಯಲ್ಲಿ ಹಾಡು ಮುಗಿಯುತ್ತದೆ.

ಆ ಧ್ವನಿಸುರುಳಿಯ ಹೆಸರು 'ಮೆಟ್ರೊಪೊಲಿಸ್ ಭಾಗ 2: ಸೀನ್ಸ್ ಫ್ರಂ ಎ ಮೆಮರಿ'. ಮಾಡಿದವರು ಅಮೆರಿಕದ ಡ್ರೀಮ್ ಥಿಯೇಟರ್ ಎಂಬ ತಂಡ. ಅದು ಹುಟ್ಟಿದ ಬಗೆಯನ್ನು ತಮ್ಮನ ಬಾಯಿಂದ ಕೇಳಿದ ಮೇಲೆ, ಇದು ಬರೀ ಸಂಗೀತದ ಮಾತಲ್ಲ, ಕೇಳುವವರ ಮಾತೂ ಹೌದು ಅನ್ನಿಸಿತು.

1985ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದ ಜಾನ್ ಪೆಟ್ರೂಚಿ, ಜಾನ್ ಮ್ಯೂಂಗ್, ಮೈಕ್ ಪೋರ್ಟ್‌ನಾಯ್ ಎಂಬ ಮೂವರು ಹುಡುಗರು ಕಟ್ಟಿದ ತಂಡ ಇದು. ಇವರ ಸಂಗೀತಕ್ಕೆ ಪ್ರೊಗ್ರೆಸಿವ್ ಮೆಟಲ್ ಎನ್ನುತ್ತಾರೆ. ಅಬ್ಬರ ಮೆಟಲ್‌ನದೇ. ಆದರೆ ತಾಳ ನಿಂತಲ್ಲಿ ನಿಲ್ಲುವುದಿಲ್ಲ, ಐದಕ್ಕೆ, ಏಳಕ್ಕೆ ತಿರುಗುತ್ತಿರುತ್ತದೆ. ಹಾಡು ಹತ್ತು ಹನ್ನೆರಡು ನಿಮಿಷವಾದರೂ ಮುಗಿಯದು. ಒಂದೇ ಕಥೆಯನ್ನೋ ವಿಚಾರವನ್ನೋ ಹಿಡಿದು ಮಾಡಿದ ಹಾಡುಗಳ ಗುಚ್ಛಕ್ಕೆ ಕಾನ್ಸೆಪ್ಟ್ ಆಲ್ಬಮ್ ಎಂದು ಹೆಸರು. ಪಿಂಕ್ ಫ್ಲಾಯ್ಡ್ ತಂಡದ 'ದಿ ವಾಲ್' 1979ರಲ್ಲಿ ಬಂದ ಅಂಥದೊಂದು. ಮೆಟಲ್‌ನವರಲ್ಲಿ ದೊಡ್ಡ ದಾರಿ ಹಾಕಿದವರು ಕ್ವೀನ್ಸ್‌ರೈಕ್ ತಂಡದವರು. 1988ರಲ್ಲಿ ಅವರ 'ಆಪರೇಷನ್: ಮೈಂಡ್‌ಕ್ರೈಮ್' ಬಂತು. ಆಗ ಅವರು ದೊಡ್ಡ ತಂಡಗಳ ಕಾರ್ಯಕ್ರಮಕ್ಕೆ ಮುನ್ನ ಹಾಡುವವರು. ಸಿಗುತ್ತಿದ್ದ ಅಷ್ಟಿಷ್ಟು ಹೊತ್ತಿನಲ್ಲಿ ಇಡೀ ಕಥೆ ಹೇಳುವುದು ಹೇಗೆ? ಅಭಿಮಾನಿಗಳು 1990ರ ಪ್ರವಾಸದವರೆಗೆ ಕಾಯಬೇಕಾಯಿತು.

ಡ್ರೀಮ್ ಥಿಯೇಟರಿನ ಕಥೆಗೆ ಬರುತ್ತೇನೆ. 1992ರಲ್ಲಿ ಅವರ 'ಇಮೇಜಸ್ ಅಂಡ್ ವರ್ಡ್ಸ್' ಬಂದಾಗ ಅದರೊಳಗಿನ ಒಂದು ಹಾಡಿನ ಹೆಸರಿನಲ್ಲಿ 'ಭಾಗ 1' ಎಂದು ಸೇರಿಸಿದ್ದರು. ತಮಾಷೆಗೆ ಸೇರಿಸಿದ್ದು. ಎರಡನೆಯ ಭಾಗವೆಂಬುದು ಅವರ ತಲೆಯಲ್ಲೇ ಇರಲಿಲ್ಲ. ಆದರೆ ಅಭಿಮಾನಿಗಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಎರಡನೆಯ ಭಾಗ ಎಲ್ಲಿ ಎಂದು ಕೇಳತೊಡಗಿದರು. ವರ್ಷಗಟ್ಟಲೆ ಕೇಳಿದರು. ತಂಡದವರು ಕೊನೆಗೆ ಇಪ್ಪತ್ತು ನಿಮಿಷ ದಾಟುವ ಒಂದು ಕರಡನ್ನು ಸಿದ್ಧಮಾಡಿದರೂ 1997ರ ಆಲ್ಬಮ್ಮಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ರೇಡಿಯೊಕ್ಕೆ ಒಗ್ಗುವ ಸಣ್ಣ ಹಾಡು ಬೇಕೆಂಬ ಒತ್ತಾಯ ಕಂಪೆನಿಯದು. ಬೇಸತ್ತ ಪೋರ್ಟ್‌ನಾಯ್ ತಂಡ ಬಿಡುವ ಮಾತಾಡಿದ. ಮುಂದಿನದನ್ನು ನಮ್ಮಿಷ್ಟದಂತೆ ಮಾಡಲು ಬಿಡಬೇಕು ಎಂದು ಹಟ ಹಿಡಿದು ಅವರು ಮಾಡಿದ್ದೇ 1999ರ ಅಕ್ಟೋಬರಿನಲ್ಲಿ ಬಂದ ಈ 77 ನಿಮಿಷದ ಕಥೆ. ಏಳು ವರ್ಷ ಕೇಳಿದವರಿಗೆ ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು.

ಪ್ರವಾಸದಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. 2000ದ ಆಗಸ್ಟ್ 30ರಂದು ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮಿನಲ್ಲಿ ಸಮ್ಮೋಹನ ಮಾಡುವವನ ಪಾತ್ರಕ್ಕೆ ನಟ, ಹಿಂದೆ ಚಲಿಸುವ ಚಿತ್ರಗಳು, ಚರ್ಚಿನ ಗಾಯನವೃಂದದಂತೆ ಹಾಡುವವರು ಎಲ್ಲ ಸೇರಿ ಮೂರು ತಾಸಿಗೂ ಮೀರಿದ ಕಾರ್ಯಕ್ರಮ ನಡೆಯಿತು. ಅದರ ಧ್ವನಿಮುದ್ರಣ ಅಂಗಡಿಗೆ ಬಂದ ದಿನ 2001ರ ಸೆಪ್ಟೆಂಬರ್ 11. ಮುಖಪುಟದಲ್ಲಿ ಉರಿಯುವ ನ್ಯೂಯಾರ್ಕಿನ ಚಿತ್ರ, ಅದರಲ್ಲಿ ಆ ಅವಳಿ ಗೋಪುರಗಳು! ಎಂದೋ ಬರೆಸಿದ ಚಿತ್ರ ಆ ದಿನವೇ ಹೊರಬಿದ್ದಿತ್ತು. ಕೂಡಲೇ ವಾಪಸು ತೆಗೆದುಕೊಂಡು ಬೇರೆ ಮುಖಪುಟ ಹಾಕಿದರು. ಆ ರೋಸ್‌ಲ್ಯಾಂಡ್ ಕಟ್ಟಡವೂ ಈಗಿಲ್ಲ. 2014ರಲ್ಲಿ ಬಾಗಿಲು ಹಾಕಿತು, ಆಮೇಲೆ ಕೆಡವಿದರು.

ಇಷ್ಟಾದರೆ ಸುಖಾಂತ. ಕೇಳುಗರು ಕೇಳಿದರು, ಕಲಾವಿದರು ಕೊಟ್ಟರು. ಆದರೆ ಮುಂದೆ ಆದದ್ದು ಬೇರೆ.

2016ರ ಜನವರಿಯಲ್ಲಿ ಇದೇ ತಂಡ ಯಾರೂ ಕೇಳದ ಒಂದು ಕಥೆಯನ್ನು ತಂದಿತು. ಹೆಸರು 'ದಿ ಅಸ್ಟಾನಿಷಿಂಗ್'. ಎರಡು ಡಿಸ್ಕು, 34 ತುಣುಕು, ಎರಡು ತಾಸಿಗೂ ಮಿಕ್ಕಿದ ಹೊತ್ತು. ಪೋರ್ಟ್‌ನಾಯ್ ಆಗ ತಂಡದಲ್ಲಿರಲಿಲ್ಲ. ಕಥೆ ಬರೆದವನು ಪೆಟ್ರೂಚಿ. ಇಸವಿ 2285; ಮನುಷ್ಯರು ಹಾಡುವುದನ್ನೇ ಮರೆತಿದ್ದಾರೆ, ಆಕಾಶದಲ್ಲಿ ತೇಲುವ ಯಂತ್ರಗಳು ಗದ್ದಲ ಹೊರಡಿಸುತ್ತವೆ. ಒಂದು ಬಡ ಹಳ್ಳಿಯಲ್ಲಿ ಗೇಬ್ರಿಯಲ್ ಎಂಬ ಹುಡುಗನಿಗೆ ಮಾತ್ರ ಹಾಡಲು ಬರುತ್ತದೆ. ಚಕ್ರವರ್ತಿಯ ಮಗಳು ಅವನಿಗೆ ಮನಸೋಲುತ್ತಾಳೆ. ಚಕ್ರವರ್ತಿ, ರಾಣಿ, ಕೇಡಿಗ ರಾಜಕುಮಾರ, ಬಂಡಾಯಗಾರ, ರಾಜಕುಮಾರಿ, ಎಲ್ಲ ಪಾತ್ರಗಳನ್ನೂ ಜೇಮ್ಸ್ ಲಬ್ರೀ ಎಂಬ ಒಬ್ಬನೇ ಗಾಯಕ ಹಾಡುತ್ತಾನೆ. ನಮ್ಮ ಹರಿಕಥೆ ದಾಸರು ಹೆಗಲ ಶಲ್ಯವನ್ನು ಸೆರಗು ಮಾಡಿಕೊಂಡು ದ್ರೌಪದಿಯೂ ಆಗಿ, ಮರುಕ್ಷಣ ದುಶ್ಶಾಸನನೂ ಆದಂತೆ.

ಪ್ರವಾಸಕ್ಕೆ ಬಯಲನ್ನು ಬಿಟ್ಟು ನಾಟಕಶಾಲೆಗಳನ್ನು ಆರಿಸಿದರು. ಲಂಡನ್ನಿನ ಪಲೇಡಿಯಂನಲ್ಲಿ ಆರಂಭ. ನಿಂತು ಕುಣಿಯುವವರಿಗೆ ಮಖಮಲ್ಲಿನ ಕುರ್ಚಿ, ನಡುವೆ ಒಂದು ವಿರಾಮ. ಹೊಸ ಕಥೆಯನ್ನು ಬಿಟ್ಟರೆ ಹಳೆಯದೊಂದೂ ಇಲ್ಲ. ಅಭಿಮಾನಿಗಳು ಎರಡಾಗಿ ಒಡೆದರು. ಇಂಥ ಧೈರ್ಯ ಯಾರಿಗಿದೆ ಎಂದು ಕೆಲವರು ಕೊಂಡಾಡಿದರು. ಉದ್ದವಾಯಿತು, ಸಪ್ಪೆಯಾಯಿತು, ಎಲ್ಲೋ ಕೇಳಿದ ಕಥೆಯಾಯಿತು ಎಂದು ಉಳಿದವರು ಮುನಿದರು. ಹಣ ಕೊಟ್ಟು ಬಂದವರಿಗೆ ಒಂದಾದರೂ ಹಳೆಯ ಹಾಡು ಬೇಡವೆ ಎಂಬುದು ಅವರ ದೂರು.

ಇದು ಹೊಸ ಜಗಳವೇನಲ್ಲ. 2006ರಲ್ಲಿ ಐರನ್ ಮೇಡನ್ ತಂಡ ತನ್ನ ಹೊಸ ಆಲ್ಬಮ್ಮನ್ನು ಇಡಿಯಾಗಿ ನುಡಿಸಿದಾಗಲೂ ಹಳೆಯದು ಬೇಕೆಂಬ ಕೂಗು ಎದ್ದಿತ್ತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬರುವಷ್ಟರಲ್ಲಿ ಅವರು ಹೊಸದರಲ್ಲಿ ಕೆಲವನ್ನೇ ಉಳಿಸಿಕೊಂಡು ಹಳೆಯದನ್ನು ಸೇರಿಸಿದ್ದರು. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ತಮ್ಮ ಬಿಸಿಲಲ್ಲಿ ನಿಂತು ಕರ್ರಗಾಗಿ ಹೋಗಿದ್ದ. ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ಜನ 'ಒನ್ಸ್ ಮೋರ್' ಎಂದರೆ ಸತ್ತು ಬಿದ್ದ ಪಾತ್ರಧಾರಿ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ ಎಂದು ಹಿರಿಯರು ಹೇಳಿ ನಗುತ್ತಿದ್ದರು. ನಗು ಬರುವ ಮಾತೇ. ಆದರೆ ಆ ಪಾತ್ರಧಾರಿಯ ಕಥೆ ಅಲ್ಲಿಗೆ ಕೆಟ್ಟಿತಲ್ಲವೆ?

2009ರಲ್ಲಿ ತಮ್ಮ ನ್ಯೂ ಜೆರ್ಸಿಗೆ ಹೋದ. 2013ರಲ್ಲಿ ಅಮ್ಮ ತೀರಿಕೊಂಡರು. 2016ರ ಏಪ್ರಿಲ್‌ನಲ್ಲಿ ಅವನು ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನಲ್ಲಿ ಈ ಹೊಸ ಕಥೆ ನೋಡಿಕೊಂಡು ಬಂದು ಫೋನು ಮಾಡಿದ. ಮುಂದಿನ ಸಾಲಿನಲ್ಲಿ ಕುಳಿತವನೊಬ್ಬ ಹಳೆಯ ಹಾಡಿನ ಹೆಸರು ಹಿಡಿದು ಕೂಗಿ ಕೂಗಿ, ವಿರಾಮದಲ್ಲಿ ಎದ್ದುಹೋದನಂತೆ. "ಪಾಪ ಅವರು ಏನೋ ಹೊಸದು ಹೇಳ್ತಿದ್ದಾರೆ, ಇವನಿಗೆ ಕೇಳೋ ತಾಳ್ಮೆ ಇಲ್ಲ" ಎಂದ. ನಾನೂ ಹೌದು ಹೌದೆಂದೆ. ಅದೇ ಉಸಿರಿನಲ್ಲಿ, "ಅಕ್ಕ, ಇಲ್ಲೇ ಮನೆ ತಗೊಂಡ್ವಿ. ಇನ್ನು ವಾಪಸು ಬರೋದಿಲ್ಲ ಅಂತ ತೀರ್ಮಾನ ಮಾಡಿದ್ದೀವಿ" ಎಂದ.

ನನ್ನ ಬಾಯಿಂದ ಬಂದದ್ದು, ಏಳು ವರ್ಷದಿಂದ ಪ್ರತಿ ಭಾನುವಾರ ಬರುತ್ತಿದ್ದ ಮಾತೇ: "ಹಾಗಾದ್ರೆ ಈ ಮನೆ? ಮಹಡಿ ಕೋಣೆ ನಿನಗೇ ಅಂತ ಇಟ್ಟಿದ್ದೀನಲ್ಲೋ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೂ ಆ ಮುಂದಿನ ಸಾಲಿನವನ ಹಾಗೇ, ಅಕ್ಕ" ಎಂದ.

ಫೋನು ಇಟ್ಟುಬಿಟ್ಟೆ. ಎರಡು ತಿಂಗಳು ನಾವು ಮಾತಾಡಲಿಲ್ಲ. ಅವನನ್ನು ಎತ್ತಿ ಬೆಳೆಸಿದವಳು ನಾನು, ನನ್ನನ್ನು ಯಾವನೋ ಗುಂಗುರು ತಲೆಯ ಕೂಗುಮಾರಿಗೆ ಹೋಲಿಸಿದನಲ್ಲ ಎಂಬ ಸಿಟ್ಟು.

ಸಿಟ್ಟಿನಲ್ಲೇ ಆ ಹೊಸ ಕಥೆಯನ್ನು ಕೇಳಲು ಕುಳಿತೆ. ಅಕ್ಕನ ಮಗಳು ಮೊಬೈಲಿಗೆ ಹಾಕಿಕೊಟ್ಟಳು, ಹಾಡಿನ ಮಾತುಗಳನ್ನು ಅಚ್ಚುಹಾಕಿ ತಂದಳು. ಮೂರು ಭಾನುವಾರ ಹಿಡಿಯಿತು. ಉಪಾಧ್ಯಾಯಿನಿಯಾಗಿ ನಿಜ ಹೇಳಬೇಕೆಂದರೆ, ಹಳೆಯದರ ಬಿಗಿ ಇದಕ್ಕಿಲ್ಲ. ಕೆಲವು ಕಡೆ ಎಳೆದಿದ್ದಾರೆ. ಕೆಂಪು ಶಾಯಿ ಹಾಕಬೇಕೆನಿಸುವ ಜಾಗಗಳಿವೆ. ಮುನಿದವರ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕೊನೆಯಲ್ಲಿ ಒಂದು ಘಟನೆ ಇದೆ. ಗೇಬ್ರಿಯಲ್‌ನ ದನಿಯೇ ಹೋಗುತ್ತದೆ. ಪ್ರಾಣ ಹೋಗುತ್ತಿರುವ ಹುಡುಗಿಯ ಮುಂದೆ ಹಾಡಲಾರದೆ ನಿಲ್ಲುತ್ತಾನೆ. ಆಗ ಎಂದೂ ಹಾಡದ ಜನ ಒಬ್ಬೊಬ್ಬರಾಗಿ ದನಿಗೂಡಿಸುತ್ತಾರೆ, ಅವನ ದನಿ ಮರಳುತ್ತದೆ. ಕೇಳುವವರು ಬೇಡುವವರಷ್ಟೇ ಅಲ್ಲ, ದನಿ ಕೊಡುವವರೂ ಆಗಬಹುದು ಎಂದು ಪೆಟ್ರೂಚಿ ತನ್ನ ಅಭಿಮಾನಿಗಳಿಗೇ ಹೇಳಿದನೇ? ಹಾಗೆಂದು ಅವನು ಎಲ್ಲಾದರೂ ಹೇಳಿದ್ದಾನೋ ಎಂದು ಹುಡುಕಲು ನಾನು ಹೋಗಲಿಲ್ಲ. ನನಗೆ ಹಾಗೆ ಕೇಳಿಸಿತು.

ಅಭಿಮಾನವೆಂಬುದು ಒಂದು ಬಗೆಯ ಒಡೆತನ. 'ಭಾಗ 1' ಎಂಬ ತಮಾಷೆಯ ಮಾತನ್ನು ಏಳು ವರ್ಷ ಬಿಡದೆ ಹಿಡಿದು, ಇಲ್ಲದ ಕಥೆಯನ್ನು ಇರುವಂತೆ ಮಾಡಿದ್ದು ಆ ಒಡೆತನವೇ. ಬೇರೆ ಕಥೆ ಹೇಳುತ್ತೇನೆ ಎಂದಾಗ ಬಾಯಿ ಮುಚ್ಚಿಸಲು ಹೊರಟದ್ದೂ ಅದೇ. ಪ್ರೀತಿ ಇದ್ದಲ್ಲೇ ಈ ಎರಡೂ ಇರುತ್ತವೆ. ಮಕ್ಕಳನ್ನು, ತಮ್ಮಂದಿರನ್ನು ಬೆಳೆಸಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ತಿಂಗಳಾದ ಮೇಲೆ ನಾನೇ ಫೋನು ಮಾಡಿದೆ. ಮನೆಯ ವಿಷಯ ಎತ್ತಲಿಲ್ಲ. ಕಥೆ ಕೇಳಿದೆ, ನಡುವೆ ಎಳೆದಿದ್ದಾರೆ ಎಂದೆ. ಅವನು ಮುಕ್ಕಾಲು ಗಂಟೆ ವಾದ ಮಾಡಿದ.

ಮಾರನೆಯ ವರ್ಷ ತಂಡದವರು 'ಇಮೇಜಸ್ ಅಂಡ್ ವರ್ಡ್ಸ್'ಗೆ 25 ತುಂಬಿತೆಂದು ಆ ಹಳೆಯದನ್ನೇ ಇಡಿಯಾಗಿ ಹೊತ್ತು ಊರೂರು ತಿರುಗಿದರು. 2017ರ ಅಕ್ಟೋಬರಿನಲ್ಲಿ ಮುಂಬಯಿಗೂ ಬಂದರು. ತಮ್ಮ ರಜೆ ಹೊಂದಿಸಿಕೊಂಡು ಮುಂಬಯಿಯಲ್ಲಿಳಿದು, ಅದನ್ನು ನೋಡಿ ಸಾಗರಕ್ಕೆ ಬಂದ. ಗಂಟಲು ಕಟ್ಟಿತ್ತು. ಕಷಾಯ ಮಾಡಿಕೊಟ್ಟೆ. ಜನ ಎಲ್ಲ ಹಾಡನ್ನೂ ಜೊತೆಗೆ ಹಾಡಿದರಂತೆ, ಲಬ್ರೀ ದನಿ ಕೇಳಿಸದಷ್ಟು. "ಖುಷಿಯಾಯ್ತೇನೋ?" ಎಂದೆ. "ತುಂಬಾ" ಎಂದು ಲೋಟ ಕೆಳಗಿಟ್ಟ. "ಆದ್ರೆ ಮುಂದೇನು ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಅಕ್ಕ."

ಆಮೇಲೆ 2019, 2020ರಲ್ಲಿ ನಮ್ಮ ಅಮ್ಮ ಮೊರ ಹಿಡಿದು ಕೇಳಿದ ಆ ಪುನರ್ಜನ್ಮದ ಕಥೆಯನ್ನೂ ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ಮತ್ತೆ ಪೂರ್ತಿ ನುಡಿಸಿದರು. 2023ರಲ್ಲಿ ಪೋರ್ಟ್‌ನಾಯ್ ಕೂಡ ತಂಡಕ್ಕೆ ಮರಳಿದ. ಹದಿಮೂರು ವರ್ಷ ಅವನನ್ನು ಕೇಳಿಕೊಂಡೇ ಇದ್ದವರಿಗೆ ಅದು ಹಬ್ಬವೇ. ಮರಳುವವರು ಮರಳುತ್ತಾರೆ. ಅದಕ್ಕಾಗಿ ಕಾಯುವುದು ತಪ್ಪಲ್ಲ, ಆದರೆ ಕಾಯುತ್ತಾ ಎದುರಿನದನ್ನು ಕೇಳದೆ ಕೂರಬಾರದು.

ಮಹಡಿ ಕೋಣೆಯನ್ನು ಕಳೆದ ವರ್ಷ ಕಾಲೇಜಿನ ಇಬ್ಬರು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟೆ. ಕ್ಯಾಸೆಟ್ಟುಗಳನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದೇನೆ. ಭಾನುವಾರ ಫೋನಿನಲ್ಲಿ ಈಗ ತಮ್ಮನ ಮಗಳು ಪಿಟೀಲು ನುಡಿಸುತ್ತಾಳೆ. ಯಾವ ರಾಗ, ಯಾವ ದೇಶದ್ದು, ನನಗೊಂದೂ ತಿಳಿಯುವುದಿಲ್ಲ. ಮುಗಿಯುವವರೆಗೆ ಕೇಳುತ್ತೇನೆ.