ಹೆಸರಘಟ್ಟದ ಓಟದ ಹಾದಿಯನ್ನು ಸವೆಸಿದವರು ಯಾರು?

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೆಸರಘಟ್ಟ ಕೆರೆಯ ಸುತ್ತಲಿನ ಮಣ್ಣು ಹಾದಿಗಳಲ್ಲಿ ಓಟಗಾರರು ಕಾಣಸಿಗುತ್ತಾರೆ. ಬೆಂಗಳೂರಿನಿಂದ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಈ ಜಾಗ ಟ್ರೇಲ್ ರನ್ನಿಂಗ್ ಮಾಡುವವರಿಗೆ ಅಚ್ಚುಮೆಚ್ಚು. ಏರಿಳಿತ ಕಡಿಮೆ, ಸಿಗ್ನಲ್ ಇಲ್ಲ, ಡಾಂಬರು ಇಲ್ಲ. ಕೆರೆಯಂಗಳ, ಹುಲ್ಲುಗಾವಲು, ಹೊಲದ ಬದು ಎಲ್ಲ ಸುತ್ತಿ ಹೊರಟಲ್ಲಿಗೇ ಬಂದು ಸೇರಬಹುದು. ಇದು 'ಪ್ರಕೃತಿ' ಕೊಟ್ಟ ಹಾದಿ ಎಂದು ಹಲವರು ಹೇಳುತ್ತಾರೆ. ಆದರೆ ಈ ಬಯಲು ಬಯಲಾಗಿ ಉಳಿದಿದ್ದರ ಹಿಂದೆ ನೀರಿನ ಕಥೆಯೂ ಇದೆ, ದನದ ಕಥೆಯೂ ಇದೆ.

ಮೊದಲು ನೀರು. 1875-77ರ ಭೀಕರ ಬರದ ನಂತರ ಬೆಂಗಳೂರಿಗೆ ಊರೊಳಗಿನ ಕೆರೆಗಳು ಸಾಲವು ಎಂಬುದು ಸ್ಪಷ್ಟವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ಎದ್ದಿತು. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ನೀರನ್ನು ಇಲ್ಲಿ ಹಿಡಿದು, ಇಟ್ಟಿಗೆಯ ಕಾಲುವೆಯಲ್ಲಿ ತರಬನಹಳ್ಳಿಯ ಕಡೆಗೆ ಹರಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ ಮಲ್ಲೇಶ್ವರದ ಕಡೆಗೆ ಕಳಿಸುತ್ತಿದ್ದರು. ಬೆಂಗಳೂರಿಗೆ ವಿದ್ಯುತ್ ಬಂದಿದ್ದು 1905ರಲ್ಲಿ. ಅದಕ್ಕೂ ಮೊದಲೇ ನಲ್ಲಿಯ ನೀರು ಈ ಹಳ್ಳಿಯಿಂದ ಹೋಗಿತ್ತು.

ಅರ್ಕಾವತಿ ಮಳೆ ನಂಬಿದ ಹೊಳೆ. ಮಳೆ ಕೈಕೊಟ್ಟ ವರ್ಷ ಹೆಸರಘಟ್ಟವೂ ಕೈಕೊಟ್ಟಿತು. ಹಾಗಾಗಿ 1933ರಲ್ಲಿ ಅದೇ ಹೊಳೆಯ ಕೆಳಭಾಗದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಆಮೇಲೆ ಕಾವೇರಿ ನೀರು ಬಂದಾಗ ನಗರ ಹೆಸರಘಟ್ಟವನ್ನು ಬಹುತೇಕ ಮರೆತೇಬಿಟ್ಟಿತು. ಮೇಲಿನ ಹಳ್ಳಿಗಳಲ್ಲಿ ಕೊಳವೆಬಾವಿ ಹೆಚ್ಚಿದವು, ನೀಲಗಿರಿ ತೋಪುಗಳು ಹಬ್ಬಿದವು, ಹಳ್ಳಗಳು ಮುಚ್ಚಿಹೋದವು. ಕೆರೆಯಂಗಳ ಎಷ್ಟೋ ವರ್ಷ ಒಣಗಿ ನಿಂತಿತು. ಓಟಗಾರರ ಇಷ್ಟದ ಆ ಚಪ್ಪಟೆ ನೆಲದ ಒಂದು ಭಾಗ, ನಿಜ ಹೇಳಬೇಕೆಂದರೆ, ನೀರಿಲ್ಲದ ಕೆರೆಯ ಹೂಳು.

ಎರಡನೆಯದು ದನ. ಮೈಸೂರು ಸೀಮೆಯಲ್ಲಿ ಹುಲ್ಲುಗಾವಲನ್ನು 'ಕಾವಲು' ಎಂದು ಕಾಪಾಡುವ ರೂಢಿ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹುಲ್ಲಿಗೂ ಲೆಕ್ಕವಿದ್ದ, ಹುಲ್ಲನ್ನೂ ಆಸ್ತಿ ಎಂದು ಕಂಡ ಆಡಳಿತ ಅದು. ಹೆಸರಘಟ್ಟದಲ್ಲಿ ಇದೇ ಯೋಚನೆ ಹೊಸ ರೂಪದಲ್ಲಿ ಮುಂದುವರಿಯಿತು. ಸ್ವಾತಂತ್ರ್ಯಾನಂತರ ಇಲ್ಲಿ ಡೆನ್ಮಾರ್ಕ್ ನೆರವಿನ ಹೈನು ಯೋಜನೆ ಬಂತು, ಹೋರಿಗಳ ವೀರ್ಯ ಸಂಗ್ರಹಿಸುವ ಕೇಂದ್ರ ಬಂತು, ಮೇವಿನ ಬೆಳೆ, ಕೋಳಿ ಸಾಕಣೆಯ ಸಂಸ್ಥೆಗಳು ಬಂದವು. 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇಲ್ಲೇ ನೆಲೆಯೂರಿತು. ದೊಡ್ಡ ಪಾಲು ನೆಲ ಸರ್ಕಾರಿ ಇಲಾಖೆಗಳ ಕೈಯಲ್ಲಿದ್ದದ್ದರಿಂದ ಲೇಔಟ್ ಆಗಲಿಲ್ಲ. ಸುತ್ತಲಿನ ಊರುಗಳ ದನ, ಕುರಿ ಮೇಯುತ್ತಲೇ ಇದ್ದದ್ದರಿಂದ ಪೊದೆ ಬೆಳೆದು ಮುಚ್ಚಲಿಲ್ಲ. ಇಂದಿನ ಟ್ರೇಲುಗಳಲ್ಲಿ ಹಲವು ಆ ದನಗಳ ಜಾಡು, ಮೇಯಿಸುವವರ ಕಾಲುದಾರಿ.

ಕಟ್ಟುವ ಆಸೆ ಇರಲಿಲ್ಲ ಎಂದಲ್ಲ. ಇಲ್ಲಿ ಚಿತ್ರನಗರಿ ಮಾಡಬೇಕೆಂಬ ಮಾತು ದಶಕಗಳ ಕಾಲ ಸುಳಿದಾಡಿತು. ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶವನ್ನು ಉಳಿಸಲು 2003ರಲ್ಲಿ ಸರ್ಕಾರ ಹೊರಡಿಸಿದ ಆದೇಶ ಕಟ್ಟಡಗಳ ಓಟಕ್ಕೆ ಒಂದಿಷ್ಟು ತಡೆ ಹಾಕಿತು. ಪಕ್ಷಿಪ್ರಿಯರು ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಹಕ್ಕಿಗಳನ್ನು ತೋರಿಸಿ, ಇದು ಬರಡು ನೆಲವಲ್ಲ ಎಂದು ವಾದಿಸಿದರು. ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಕೈಬಿಟ್ಟಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ 2024ರಲ್ಲಿ ಮಂಡಳಿ ಸುಮಾರು 5,678 ಎಕರೆಗೆ ಒಪ್ಪಿಗೆ ಕೊಟ್ಟಿತು.

ಹಳ್ಳಿಯವರ ವಿರೋಧವನ್ನು 'ಅಭಿವೃದ್ಧಿ ಬೇಕೆನ್ನುವವರ ಗಲಾಟೆ' ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಪ್ರಶ್ನೆ ಸರಳ: ನಾಳೆ ದನ ಎಲ್ಲಿ ಮೇಯಬೇಕು? ಹೊಲಕ್ಕೆ ಹೋಗುವ ದಾರಿ ಉಳಿಯುತ್ತದಾ? ಸಂರಕ್ಷಣಾ ಮೀಸಲು ಎಂದರೆ ರಾಷ್ಟ್ರೀಯ ಉದ್ಯಾನವಲ್ಲ. ವನ್ಯಜೀವಿ ಕಾಯ್ದೆಯ 36ಎ ಕಲಮಿನ ಪ್ರಕಾರ ಅದು ಸರ್ಕಾರಿ ನೆಲಕ್ಕೆ ಅನ್ವಯಿಸುತ್ತದೆ, ಸ್ಥಳೀಯರೊಂದಿಗೆ ಸಮಾಲೋಚನೆ ನಡೆಯಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಪಶುಸಂಗೋಪನೆಯವರಿಗೂ ಸ್ಥಾನವಿದೆ. ಇದನ್ನು ಊರಿನ ಕಟ್ಟೆಯಲ್ಲಿ ಕೂತು ಕನ್ನಡದಲ್ಲಿ ವಿವರಿಸಿ ಹೇಳಿದವರು ಎಷ್ಟು ಮಂದಿ? ಗ್ರಾಮೀಣ ವರದಿಗಾರಿಕೆ ಕಲಿತ ನಾವು ಮೊದಲು ಮಾಡಬೇಕಾದ ಕೆಲಸ ಅದೇ ಎನಿಸುತ್ತದೆ.

ಓಡುವವರು ಬರಲಿ, ಬೇಡ ಎನ್ನುವುದಿಲ್ಲ. ನೆಲದ ಮೇಲೆ ಗೂಡು ಮಾಡುವ ಟಿಟ್ಟಿಭ, ನೆಲಗುಬ್ಬಿಗಳಿವೆ, ಜಾಡು ಬಿಟ್ಟು ಹುಲ್ಲಿಗಿಳಿಯಬಾರದು. ಕಾರು, ಬೈಕು ರಸ್ತೆಯಲ್ಲೇ ನಿಲ್ಲಲಿ. ಮರವಿಲ್ಲ ಎಂದು ಹುಲ್ಲುಗಾವಲಿನಲ್ಲಿ ಸಸಿ ನೆಡಲು ಹೊರಡುವುದೂ ಬೇಡ. ದನದ ಹಿಂಡು ಎದುರಾದರೆ ಬದಿಗೆ ನಿಂತು ದಾರಿ ಬಿಡುವುದು ಓಟಗಾರರೇ ಆಗಬೇಕು. ಆ ದಾರಿ ಸವೆಸಿದ್ದು ಅವೇ.