ಹದಿನಾರು ಕಂತಿನ ಹಿಂದಿನ ಕತೆ

ಕೊರಿಯಾದ ಧಾರಾವಾಹಿ ಸಾಮಾನ್ಯವಾಗಿ ಹದಿನಾರು ಕಂತಿಗೆ ಮುಗಿಯುತ್ತದೆ. ವಾರಕ್ಕೆ ಎರಡೇ ಕಂತು, ಒಂದೊಂದೂ ಗಂಟೆಯ ಮೇಲೆ, ಅದೂ ಬೆನ್ನುಬೆನ್ನಿಗೆ ಎರಡು ರಾತ್ರಿ: ಸೋಮವಾರ-ಮಂಗಳವಾರ, ಬುಧವಾರ-ಗುರುವಾರ ಇಲ್ಲವೇ ವಾರಾಂತ್ಯ. ಎಂಟು ವಾರಕ್ಕೆ ಕತೆ ಬಗೆಹರಿದು ಆ ಜಾಗಕ್ಕೆ ಇನ್ನೊಂದು ಬರುತ್ತದೆ. ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳಿಗೆ ಒಗ್ಗಿಹೋದ ಕನ್ನಡದ ನೋಡುಗರಿಗೆ ಮೊದಲು ಹಿಡಿಸುವುದು ಈ ಅಳತೆಯೇ. ಆದರೆ ಕೊರಿಯಾದಲ್ಲೂ ಜನರನ್ನು ಮೊದಲು ಟಿವಿ ಮುಂದೆ ಕೂರಿಸಿದ್ದು ದಿನನಿತ್ಯದ ಅತ್ತೆ-ಸೊಸೆ ಕತೆ.

ಸೋಲ್ ನಗರದಲ್ಲಿ ಮೊದಲ ಟಿವಿ ಕೇಂದ್ರ ಶುರುವಾದದ್ದು 1956ರಲ್ಲಿ. ಮೊದಲ ನಾಟಕವೂ ಅದೇ ವರ್ಷ ಬಂತು. 1959ರಲ್ಲಿ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ವಾಹಿನಿ ಕೆಬಿಎಸ್ 1961ರ ಕೊನೆಯ ದಿನ ಪ್ರಸಾರ ಆರಂಭಿಸಿತು. ಅದರ ಹಿಂದೆ 1964ರಲ್ಲಿ ಟಿಬಿಸಿ, 1969ರಲ್ಲಿ ಎಂಬಿಸಿ ಬಂದವು. ಮೂರರ ಪೈಪೋಟಿಯಲ್ಲಿ ಗೆದ್ದ ಸರಕು ದಿನಕ್ಕೊಂದು ಕಂತಿನ ಧಾರಾವಾಹಿ.

1972ರಲ್ಲಿ ಕೆಬಿಎಸ್ ಪ್ರಸಾರ ಮಾಡಿದ ‘ಯೊರೊ’ ಇದಕ್ಕೆ ಒಳ್ಳೆಯ ಉದಾಹರಣೆ. ಬುನಿ ಎಂಬ ಬಡ ಹೆಣ್ಣುಮಗಳು, ಬುದ್ಧಿ ಬಲಿಯದ ಗಂಡ ಯಂಗು, ಬಿಡದೆ ಕಾಡುವ ಅತ್ತೆ: ಇಷ್ಟೇ ಸಾಮಗ್ರಿ, ಇನ್ನೂರಕ್ಕೂ ಹೆಚ್ಚು ಕಂತು. ಟಿವಿ ಇದ್ದ ಮನೆಗಳು ಕಡಿಮೆ. ಸಂಜೆಯಾದರೆ ಅಂಥ ಮನೆಯ ಪಡಸಾಲೆಯಲ್ಲಿ ಕೇರಿಯೇ ನೆರೆಯುತ್ತಿತ್ತು, ಬೀದಿ ಬಿಕೋ ಎನ್ನುತ್ತಿತ್ತು. ಮಕ್ಕಳು ಯಂಗುವಿನ ತೊದಲು ಮಾತನ್ನು ಅಣಕಿಸಿಕೊಂಡು ತಿರುಗುತ್ತಿದ್ದರು.

1980ರಲ್ಲಿ ಸೇನಾ ಆಡಳಿತ ಖಾಸಗಿ ಟಿಬಿಸಿಯನ್ನು ಕೆಬಿಎಸ್ ಜೊತೆ ಸೇರಿಸಿಬಿಟ್ಟಿತು. ಬಣ್ಣದ ಪ್ರಸಾರ ಬಂದದ್ದು ಅದೇ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಅಲ್ಲಿನ ಕಾರ್ಖಾನೆಗಳು ಬಣ್ಣದ ಟಿವಿಗಳನ್ನು ಹೊರದೇಶಕ್ಕೆ ಮಾರುತ್ತಿದ್ದವು, ಮನೆಯವರು ಮಾತ್ರ ಕಪ್ಪು-ಬಿಳುಪು ನೋಡುತ್ತಿದ್ದರು. ಕೆಲವೇ ವಾರಗಳಲ್ಲಿ ಮುಗಿಯುವ ಮಿನಿ ಧಾರಾವಾಹಿಯ ರೂಢಿ ಆ ದಶಕದ ಕೊನೆಗೆ ಬೇರೂರಿತು. 1991ರಲ್ಲಿ ಖಾಸಗಿ ಎಸ್‌ಬಿಎಸ್ ಬಂದ ಮೇಲೆ ಸ್ಪರ್ಧೆ ಮತ್ತೆ ಬಿಸಿಯೇರಿತು.

ಆ ಎಸ್‌ಬಿಎಸ್‌ನ ‘ಮರಳು ಗಡಿಯಾರ’ 1995ರ ಜನವರಿಯಲ್ಲಿ ಶುರುವಾಗಿ ಫೆಬ್ರವರಿಗೆ ಮುಗಿಯಿತು. ವಾರಕ್ಕೆ ನಾಲ್ಕು ರಾತ್ರಿ, ಒಟ್ಟು 24 ಕಂತು. 1980ರ ಗ್ವಾಂಗ್ಜು ದಂಗೆಯನ್ನು, ಸೈನಿಕರು ನಾಗರಿಕರ ಮೇಲೆ ಗುಂಡು ಹಾರಿಸಿದ್ದನ್ನು, ಅದು ಮನೆಮನೆಗೆ ತೋರಿಸಿತು. ಜನ ಕೆಲಸ ಬಿಟ್ಟು ಬೇಗ ಮನೆ ಸೇರುತ್ತಿದ್ದುದರಿಂದ ಅದಕ್ಕೆ ‘ಮನೆಗೆ ಮರಳುವ ಗಡಿಯಾರ’ ಎಂದು ಅಡ್ಡಹೆಸರು ಬಿತ್ತು. ಚಿತ್ರೀಕರಣ ನಡೆದ ಚೊಂಗ್ಡೊಂಗ್ಜಿನ್ ಎಂಬ ಕಡಲಂಚಿನ ಪುಟ್ಟ ರೈಲು ನಿಲ್ದಾಣ ಪ್ರವಾಸಿ ತಾಣವಾಯಿತು. ಪ್ಲಾಟ್‌ಫಾರಂ ಪಕ್ಕದ ಪೈನ್ ಮರಕ್ಕೂ ಧಾರಾವಾಹಿಯದೇ ಹೆಸರು.

ಹೊರದೇಶದ ಮಾರುಕಟ್ಟೆ ತೆರೆದದ್ದು 1997ರಿಂದ. ಅದೇ ವರ್ಷ ಎಂಬಿಸಿಯ ಒಂದು ಕೌಟುಂಬಿಕ ಧಾರಾವಾಹಿ ಚೀನಾದ ಸರ್ಕಾರಿ ವಾಹಿನಿಯಲ್ಲಿ ಬಂದು ಗೆದ್ದಿತು. ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ಕಾಲದಲ್ಲಿ ಕೊರಿಯಾದ ಸರಕು ಜಪಾನಿನದಕ್ಕಿಂತ ಅಗ್ಗವಾಗಿತ್ತು. ಆಮೇಲೆ ಜಪಾನೇ ಗಿರಾಕಿಯಾಯಿತು: 2002ರ ‘ವಿಂಟರ್ ಸೊನಾಟಾ’ ಅಲ್ಲಿನ ಎನ್‌ಎಚ್‌ಕೆಯಲ್ಲಿ ಬಂದ ಮೇಲೆ ನಡುವಯಸ್ಸಿನ ಹೆಂಗಸರು ಅದರ ಚಿತ್ರೀಕರಣ ನಡೆದ ಕೊರಿಯಾದ ನಾಮಿ ದ್ವೀಪದ ಸಾಲುಮರಗಳ ದಾರಿ ಹುಡುಕಿಕೊಂಡು ಹೊರಟರು. 2003ರ ‘ದೇ ಜಾಂಗ್ ಗಮ್’ ಇರಾನ್‌ವರೆಗೆ ಹೋಯಿತು. ಕೊರಿಯಾವನ್ನು ಆಳಿದ ಚೊಸೊನ್ ರಾಜವಂಶದ ಅರಮನೆಯ ದಾಖಲೆಗಳಲ್ಲಿ ಬೆರಳೆಣಿಕೆಯ ಉಲ್ಲೇಖವಷ್ಟೇ ಇರುವ ವೈದ್ಯೆಯೊಬ್ಬಳಿಗೆ 54 ಕಂತಿನ ಬದುಕು ಕಟ್ಟಿದ ಕೃತಿ ಅದು. ದೂರದರ್ಶನವೂ ಹಿಂದಿಗೆ ಡಬ್ ಮಾಡಿ ತೋರಿಸಿತು. ಭಾರತದಲ್ಲಿ ಕೊರಿಯಾದ ಗೀಳು ಮೊದಲು ಹತ್ತಿದ್ದು ಮಣಿಪುರಕ್ಕೆ. ಬಂಡುಕೋರರು 2000ದಲ್ಲಿ ಹಿಂದಿ ಚಿತ್ರಗಳನ್ನು ನಿಷೇಧಿಸಿದ ಮೇಲೆ ಕೇಬಲ್‌ನಲ್ಲಿ ಬರುತ್ತಿದ್ದ ಕೊರಿಯಾದ ಅರಿರಂಗ್ ವಾಹಿನಿ ಆ ಖಾಲಿ ಜಾಗ ತುಂಬಿತು.

ತೆರೆಯ ಹಿಂದಿನ ದುಡಿಮೆ ಇಷ್ಟು ನಯವಾಗಿರಲಿಲ್ಲ. ಸಾಮಾನ್ಯವಾಗಿ ಇಡೀ ಧಾರಾವಾಹಿ ಬರೆಯುವವರು ಒಬ್ಬರೇ ಲೇಖಕರು, ಬಹುಮಟ್ಟಿಗೆ ಹೆಂಗಸರು. ವಾರಕ್ಕೆ ಎರಡು ಕಂತು ಎಂದರೆ ಹೆಚ್ಚುಕಡಿಮೆ ಎರಡೂವರೆ ಗಂಟೆಯ ಚಿತ್ರೀಕರಣ. ಹಾಗಾಗಿ ಪೂರ್ತಿ ಪ್ರತಿಗೆ ಕಾಯದೆ, ದೃಶ್ಯ ಬರೆದಂತೆ ಹಾಳೆಗಳು ಸೆಟ್ಟಿಗೆ ಬರುತ್ತಿದ್ದವು. ಕೊರಿಯಾದವರು ಈ ಬಿಡಿ ಹಾಳೆಗಳನ್ನು ‘ಚೊಕ್‌ದೇಬೊನ್’ ಎನ್ನುತ್ತಾರೆ. ನಟರು ಅಲ್ಲೇ ಓದಿ ಅಲ್ಲೇ ನಟಿಸಬೇಕು. ನೋಡುಗರ ಮೆಚ್ಚುಗೆ-ಮುನಿಸು ನೋಡಿ ಕತೆ ತಿರುಗಿಸುವುದಕ್ಕೂ ಇದರಿಂದ ಅನುಕೂಲ. ಕೊನೆಯ ಕಂತುಗಳು ಎಷ್ಟೋ ಸಲ ಜಾಳಾಗುತ್ತಿದ್ದುದಕ್ಕೂ ಇದೇ ಕಾರಣ. ಮುಖ್ಯ ವಾಹಿನಿಗಳಲ್ಲಿ ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. 2010ರಲ್ಲಿ ಕತೆಯೊಳಗೇ ಸರಕು ತೋರಿಸಲು ಅನುಮತಿ ಸಿಕ್ಕಿತು. ನಾಯಕಿ ದುಃಖದಲ್ಲೂ ಸ್ಯಾಂಡ್‌ವಿಚ್ ಅಂಗಡಿಗೇ ಹೋಗುವುದು ಸುಮ್ಮನೆ ಅಲ್ಲ.

2018ರಲ್ಲಿ ವಾರಕ್ಕೆ 52 ಗಂಟೆಯ ದುಡಿಮೆಯ ಮಿತಿ ಜಾರಿಗೆ ಬಂತು. ಟಿವಿಎನ್‌ನಂಥ ಕೇಬಲ್ ವಾಹಿನಿಗಳ ಜೊತೆಗೆ ನೆಟ್‌ಫ್ಲಿಕ್ಸ್ ಕೂಡ ಹಣ ಹಾಕತೊಡಗಿತು. ಪ್ರಸಾರಕ್ಕೆ ಮೊದಲೇ ಚಿತ್ರೀಕರಣ ಮುಗಿಸುವುದು ಹೆಚ್ಚಿತು. 2019ರ ಡಿಸೆಂಬರ್‌ನಲ್ಲಿ ಶುರುವಾದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಹದಿನಾರು ಕಂತಿನ, ವಾರಾಂತ್ಯಕ್ಕೆ ಎರಡರ ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿತ್ತು. ‘ಸ್ಕ್ವಿಡ್ ಗೇಮ್’ ಹಾಗಲ್ಲ: ಮೊದಲ ಸೀಸನ್‌ಗೆ ಒಂಬತ್ತೇ ಕಂತು, 2021ರ ಸೆಪ್ಟೆಂಬರ್ 17ರಂದು ಎಲ್ಲವೂ ಒಟ್ಟಿಗೇ ಬಂದವು. ಟಿವಿ ವಾಹಿನಿಗಳಲ್ಲಿ ಎರಡು ರಾತ್ರಿಯ ರೂಢಿ ಇನ್ನೂ ಉಳಿದಿದೆ. ಹದಿನಾರರ ಬದಲು ಹನ್ನೆರಡು ಕಂತಿಗೆ ಮುಗಿಯುವ ಧಾರಾವಾಹಿಗಳು ಮಾತ್ರ ಹೆಚ್ಚುತ್ತಿವೆ.